ಹಳೇ ಜೀಪ್ ಪಿಕಪ್: ಕಂಪನಿಯದ್ದೋ, ಗ್ಯಾರೇಜಿನದ್ದೋ? ಪತ್ತೆ ಹಚ್ಚೋದು ಹೀಗೆ

ಮುಂದೆ ಜೀಪು, ಹಿಂದೆ ಸಾಮಾನು ಹೇರುವ ತೊಟ್ಟಿ. ಇಂಥ ಹಳೇ ಗಾಡಿಗೆ 'ವಿಂಟೇಜ್' ಅಂದ ಕೂಡಲೇ ರೇಟು ಏರುತ್ತದೆ. ಕೊಳ್ಳುವವರು ಎಡವೋದೂ ಅಲ್ಲೇ.

ಮೊದಲು ಗ್ರಿಲ್ ನೋಡಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ತಗಡಿನ ಗ್ರಿಲ್‌ನಲ್ಲಿ 9 ಸೀಳು, ನಂತರದ ಸಿಜೆ ಮಾದರಿಗಳಲ್ಲಿ 7. ಮಹೀಂದ್ರಾ ನಮ್ಮಲ್ಲಿ ದಶಕಗಟ್ಟಲೆ ತಯಾರಿಸಿದ ಸಿಜೆ-3ಬಿಗೆ ಬಾನೆಟ್ ಎತ್ತರ. ಒಳಗಿನ ಹರಿಕೇನ್ ಎಂಜಿನ್ನೇ ಎತ್ತರ, ಅದಕ್ಕೆ. ಆದರೆ ಗ್ರಿಲ್, ಬಾನೆಟ್ ಬದಲಿಸೋದು ಗ್ಯಾರೇಜಿನವರಿಗೆ ದೊಡ್ಡ ಕೆಲಸವೇನಲ್ಲ. ನಿಜ ಹೇಳೋದು ಚಾಸಿ.

ಸಿಜೆ-3ಬಿಯ ಎರಡು ಆಕ್ಸಲ್‌ಗಳ ನಡುವೆ 80 ಇಂಚು. ವಿಲ್ಲೀಸ್ ಕಂಪನಿಯೇ 1947ರಿಂದ ಅಮೆರಿಕದಲ್ಲಿ ಮಾಡಿದ ಪಿಕಪ್‌ನಲ್ಲಿ 118 ಇಂಚು. ಉದ್ದ ಚಾಸಿಯ ಬೇರೆ ಜೀಪುಗಳೂ ಇವೆ, ಹಾಗಾಗಿ ಟೇಪು ಹಿಡಿದರೆ ಮಾತ್ರ ಸಾಲದು. ಗಾಡಿ ಕೆಳಗೆ ನುಗ್ಗಿ, ಚಾಸಿ ಕತ್ತರಿಸಿ ವೆಲ್ಡಿಂಗ್ ಮಾಡಿದ ಗುರುತು ಹುಡುಕಬೇಕು.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಗೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿ ಶುಲ್ಕ 20,000 ರೂ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಕತ್ತರಿಸಿ ತೊಟ್ಟಿ ಕೂರಿಸಿದ ಗಾಡಿ, ಎಷ್ಟೇ ಚೆಂದ ಇರಲಿ, ಅದರೊಳಗೆ ಬರೋದಿಲ್ಲ. ನೋಂದಣಿ ಸಿಕ್ಕ ಗಾಡಿಯಲ್ಲೂ ದಿನಾ ಅಂಗಡಿ ಸಾಮಾನು ಸಾಗಿಸುವಂತಿಲ್ಲ.

ಸಾಮಾನಿಗೇ ಗಾಡಿ ಬೇಕಿದ್ದರೆ ಆರ್‌ಸಿ ನೋಡಿ. ಬಾಡಿ ಕಾಲಂನಲ್ಲಿ ಜೀಪು ಅಂತಿದ್ದು ಎದುರಿಗೆ ಪಿಕಪ್ ನಿಂತಿದ್ದರೆ, ಚಾಸಿ ನಂಬರ್ ತಾಳೆಯಾದರೂ ಮುಂಗಡ ಕೊಡಬೇಡಿ.