ಕಾಂತಸೂಚಿ ಮತ್ತು ಓಕ್ ಹಲಗೆ

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ದೂರದ ಪಯಣಕ್ಕೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಮರೆತರೆ ಗಾಲಿ ಕಿರುಗುಟ್ಟುತ್ತಿತ್ತು, ಎತ್ತುಗಳು ಬಳಲುತ್ತಿದ್ದವು. ಘರ್ಷಣೆಯೆಂದರೆ ನನಗೆ ತಿಳಿದಿದ್ದುದು ಅಷ್ಟೇ. ಕನ್ನಡದ ಅಧ್ಯಾಪಕನಾಗಿ ಆಯುಷ್ಯ ಕಳೆದ ನಾನು ನಿವೃತ್ತಿಯ ಬಿಡುವಿನಲ್ಲಿ ವಿಜ್ಞಾನಿಗಳ ಚರಿತ್ರೆಗಳನ್ನು ಓದತೊಡಗಿದಾಗ, ಈ ಘರ್ಷಣೆಯೊಡನೆ ಸೆಣಸಿ ಅದರಿಂದಲೇ ವಿದ್ಯೆ ಪಡೆದ ಒಬ್ಬನ ಪರಿಚಯವಾಯಿತು. ಅವನು ಫ್ರಾನ್ಸಿನ ಕೂಲಂಬ್. ಅವನ ಹೆಸರಿನ ವಿದ್ಯುತ್ ನಿಯಮ ಶಾಲೆಯ ಮಕ್ಕಳಿಗೂ ಗೊತ್ತು. ಆ ನಿಯಮದ ಬಳಿಗೆ ಅವನು ಬಂದ ದಾರಿ ಅಷ್ಟಾಗಿ ಗೊತ್ತಿಲ್ಲ.

ಕೂಲಂಬ್ 1736ರಲ್ಲಿ ಆಂಗುಲೇಮ್ ಪಟ್ಟಣದಲ್ಲಿ ಹುಟ್ಟಿದ. ಮೆಜಿಯೇರಿನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಕಲಿತು, 1764ರಿಂದ 1772ರವರೆಗೆ ಕೆರಿಬಿಯನ್ ಕಡಲಿನ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟುವ ಕೆಲಸದಲ್ಲಿದ್ದ. ಅಲ್ಲಿ ಮತ್ತೆ ಮತ್ತೆ ಕಾಯಿಲೆ ಬಿದ್ದು ಅವನ ಆರೋಗ್ಯ ಕೆಟ್ಟಿತು. ಲೆಕ್ಕ ಕಾಗದದ ಮೇಲೆ ಸರಿಯಾದರೆ ಸಾಲದು, ಕೆಲಸದ ಅಂಗಳದಲ್ಲಿಯೂ ನಿಲ್ಲಬೇಕೆಂಬ ನಿಷ್ಠೆ ಅವನ ಮುಂದಿನ ಶೋಧನೆಗಳಲ್ಲೆಲ್ಲ ಕಾಣುತ್ತದೆ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1777ರ ಬಹುಮಾನಕ್ಕೆ ಇಟ್ಟ ವಿಷಯ ಕಾಂತಸೂಚಿ. ಈ ಸೂಚಿ ಪ್ರತಿದಿನವೂ ಅತ್ಯಲ್ಪವಾಗಿ ಅತ್ತ ಸರಿದು ಇತ್ತ ಮರಳುತ್ತದೆ. ಅಳೆಯಹೋದರೆ, ಸೂಚಿಯನ್ನು ಹೊತ್ತ ಮೊನೆಯ ಘರ್ಷಣೆಯೇ ಆ ಅಲ್ಪ ಚಲನೆಯನ್ನು ನುಂಗಿಬಿಡುತ್ತಿತ್ತು. ಕೂಲಂಬ್ ಮೊನೆಯನ್ನೇ ಕೈಬಿಟ್ಟು, ಸೂಚಿಯನ್ನು ರೇಷ್ಮೆಯ ಎಳೆಯಿಂದ ತೂಗುಬಿಡಬೇಕೆಂದ. ಬಹುಮಾನವನ್ನು ಹಾಲೆಂಡಿನ ವಾನ್ ಸ್ವಿಂಡೆನ್ನನೊಡನೆ ಹಂಚಿಕೊಂಡ. ಆದರೆ ಎಳೆಗೂ ತನ್ನದೊಂದು ಹಟವುಂಟು: ತಿರುಚಿದರೆ ಬಿಚ್ಚಿಕೊಳ್ಳಲು ಎಳಸುತ್ತದೆ. ಆ ಹಟವನ್ನೂ ಅವನು ಅಳೆದ. 1784ರಲ್ಲಿ ಲೋಹದ ತಂತಿಯ ತಿರುಚಿನ ನಿಯಮವನ್ನು ಮಂಡಿಸಿದ. ಮರುವರ್ಷ ಅಂಥ ತಂತಿಯಿಂದ ಮಾಡಿದ ತಕ್ಕಡಿಯಲ್ಲಿ ವಿದ್ಯುದಾವೇಶಗಳ ವಿಕರ್ಷಣೆಯನ್ನು ತೂಗಿ, ದೂರ ಇಮ್ಮಡಿಯಾದರೆ ಬಲ ಕಾಲುಭಾಗಕ್ಕೆ ಇಳಿಯುವುದೆಂದು ತೋರಿಸಿದ.

ಈ ನಡುವೆ, ಹಿಂದೆ ತಾನು ಬಳಸಿ ದಾಟಿದ್ದ ಘರ್ಷಣೆಯನ್ನೇ ಎದುರುಗೊಳ್ಳುವ ಸಂದರ್ಭ ಒದಗಿತು. ರೋಷ್‌ಫೋರ್ ಬಂದರಿನ ಹಡಗುಕಟ್ಟೆಯಲ್ಲಿ ಓಕ್ ಹಲಗೆಯ ಮೇಲೆ ಭಾರ ಹೇರಿದ ಜಾರುಬಂಡಿಯನ್ನು ಎಳೆಸಿ ನೋಡಿದ. ಮರ, ಲೋಹ, ಕೊಬ್ಬು ಸವರಿದ ಮೈ, ಎಲ್ಲವನ್ನೂ ಪರೀಕ್ಷಿಸಿದ. ಘರ್ಷಣೆ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆ, ತಾಗುವ ಮೈಯ ವಿಸ್ತಾರಕ್ಕೆ ತಕ್ಕಂತೆ ಅಲ್ಲ. ಇದನ್ನು 1699ರಲ್ಲಿಯೇ ಅಮೊಂಟನ್ಸ್ ಹೇಳಿದ್ದ. ಕೂಲಂಬ್ ಅದನ್ನು ವಿಸ್ತಾರವಾದ ಪ್ರಯೋಗಗಳಿಂದ ಗಟ್ಟಿಮಾಡಿ, ಇನ್ನೊಂದನ್ನು ಸೇರಿಸಿದ: ಮರದ ಮೇಲೆ ಮರ ಹೆಚ್ಚು ಹೊತ್ತು ಸುಮ್ಮನೆ ಕುಳಿತಷ್ಟೂ ಅದನ್ನು ಕದಲಿಸುವುದು ಕಷ್ಟ; ಒಮ್ಮೆ ಕದಲಿದರೆ ಎಳೆಯುವುದು ಸುಲಭ. 1781ರ ಬಹುಮಾನ ಈ ಪ್ರಬಂಧಕ್ಕೆ ಸಂದಿತು.

ಕಾರಣವನ್ನು ಹೇಳುವಾಗ ಮಾತ್ರ ಅವನು ಎಡವಿದ. ಎರಡು ಕುಂಚಗಳ ಕೂದಲಿನಂತೆ ಮೈಗಳ ಉಬ್ಬುತಗ್ಗುಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ ಎಂದು ಬಗೆದ. ಇಪ್ಪತ್ತನೆಯ ಶತಮಾನದಲ್ಲಿ ಬೌಡನ್ ಮತ್ತು ಟೇಬರ್ ಬೇರೆಯದನ್ನೇ ತೋರಿಸಿದರು. ಮೈಗಳು ನಿಜವಾಗಿ ತಾಗುವುದು ಕೆಲವೇ ಬಿಂದುಗಳಲ್ಲಿ. ಅಲ್ಲಿ ಅವು ಅಂಟಿಕೊಳ್ಳುತ್ತವೆ.

ಕಾಂತತ್ವ ಮತ್ತು ಘರ್ಷಣೆ ಮತ್ತೆ ಒಂದೇ ಮನೆಯಲ್ಲಿ ಕೂಡಿದ್ದು ಕಂಪ್ಯೂಟರಿನಲ್ಲಿ. 1956ರಲ್ಲಿ ಐಬಿಎಂ ಸಂಸ್ಥೆ 24 ಅಂಗುಲ ವ್ಯಾಸದ 50 ತಟ್ಟೆಗಳ ಕಾಂತೀಯ ಸ್ಮರಣಭಂಡಾರವನ್ನು ಹೊರತಂದಿತು. ಮುಂದೆ ತಟ್ಟೆಯ ಲೇಪ ತೆಳುವಾದ ಲೋಹದ ಪೊರೆಯಾಯಿತು. ಅದನ್ನು ಓದುವ ಮೊನೆ ಪೊರೆಗೆ ತೀರ ಹತ್ತಿರವಾಯಿತು. ಆಗ ಹಳೆಯ ತೊಡಕೇ ಎದ್ದಿತು: ತಟ್ಟೆ ನಿಂತಾಗ ಅದರ ಮೇಲೆ ಇಳಿದ ಮೊನೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. 1987ರಲ್ಲಿ ಅದೇ ಸಂಸ್ಥೆಯ ಮೇಟ್ ಮತ್ತು ಸಂಗಡಿಗರು ಗ್ರ್ಯಾಫೈಟಿನ ಮೇಲೆ ಟಂಗ್‌ಸ್ಟನ್ ಮೊನೆಯನ್ನು ಎಳೆದು, ಪರಮಾಣುಗಳ ಮಟ್ಟದಲ್ಲಿ ಘರ್ಷಣೆಯನ್ನು ಅಳೆದರು. ರೋಷ್‌ಫೋರಿನ ಜಾರುಬಂಡಿ ಅಷ್ಟು ಕಿರಿದಾಗಿತ್ತು.

ಪಾಠ ಹೇಳುವಾಗ ತೊಡಕಿನ ಪದ್ಯ ಬಂದರೆ, ಇದು ಪರೀಕ್ಷೆಗೆ ಬರುವುದಿಲ್ಲವೆಂದು ನಾನು ದಾಟಿಹೋದ ದಿನಗಳುಂಟು. ಕೂಲಂಬನನ್ನು ಓದಿದ ಮೇಲೆ ಆ ದಿನಗಳು ನನ್ನನ್ನು ಚುಚ್ಚುತ್ತವೆ. ಸೂಚಿ ತಡೆದು ನಿಂತಲ್ಲಿ ಅವನೂ ನಿಂತ, ತಡೆದದ್ದು ಯಾವುದೆಂದು ಕೇಳಿದ. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಗೆ ನಿಂತು ತೋರಿಸಬೇಕಾಗಿತ್ತು.