ಮಫ್ತಿಯಲ್ಲಿ ಬಂದವರ ಗುರುತು

ಮಫ್ತಿಯಲ್ಲಿರುವ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಅದು ತಪ್ಪು. ಖಾಕಿ ಕಳಚಿಟ್ಟ ಮಾತ್ರಕ್ಕೆ ಪೊಲೀಸರ ಬಂಧನದ ಅಧಿಕಾರ ಹೋಗುವುದಿಲ್ಲ. ಇನ್ನೊಂದು ನಂಬಿಕೆ ಠಾಣೆಗಳ ಕಡೆಯದು: ಗುರುತಿನ ಚೀಟಿ ಕೇಳಿದವನು ಕರ್ತವ್ಯಕ್ಕೆ ಅಡ್ಡಿಪಡಿಸಿದಂತೆ. ಅದೂ ತಪ್ಪೇ. ಈ ಎರಡರ ನಡುವೆ ಕಾನೂನು ಏನು ಹೇಳುತ್ತ ಬಂದಿದೆ ಎಂಬುದು ಮಾತ್ರ ಚರ್ಚೆಗೆ ಬರುವುದೇ ಅಪರೂಪ.

ಕೋಲಾರದ ಮಟ್ಟಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಕಂದಾಯ ಜಿಲ್ಲೆ ಒಂದೇ ಆದರೂ ಎಸ್‌ಪಿಗಳು ಇಬ್ಬರು. ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕೋಲಾರದ ಎಸ್‌ಪಿ ವ್ಯಾಪ್ತಿಗೆ ಸೇರಿದವು. ಮಾಲೂರಿನಿಂದ ಹೊಸೂರು ಹತ್ತಿರ. ನಂಗಲಿ ದಾಟಿದರೆ ಪಲಮನೇರು, ರಾಯಲ್ಪಾಡು ದಾಟಿದರೆ ಮದನಪಲ್ಲಿ. ಹೀಗಿರುವಾಗ ಬಾಗಿಲಿಗೆ ಬಂದು "ಕ್ರೈಂ ಪೊಲೀಸ್" ಎನ್ನುವ ಜೀನ್ಸ್‌ಧಾರಿ ಊರಿನ ಠಾಣೆಯವನೇ ಇರಬಹುದು, ಕೆಜಿಎಫ್‌ನವನಿರಬಹುದು, ಆಂಧ್ರ ಅಥವಾ ತಮಿಳುನಾಡಿನವನಿರಬಹುದು. ಕಳ್ಳನೂ ಇರಬಹುದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಸುಗ್ಗಿಯ ದಿನ ಕೈಯಿಂದ ಕೈಗೆ ಹೋಗುವ ನಗದು ನೋಡಿದವರಿಗೆ ಈ ಕೊನೆಯ ಸಾಧ್ಯತೆಯನ್ನು ಬಿಡಿಸಿ ಹೇಳಬೇಕಿಲ್ಲ. "ಮುಂದೆ ಗಲಾಟೆಯಾಗಿದೆ, ನಾವು ಪೊಲೀಸರು, ಸರ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳಮ್ಮ" ಎಂದು ವಯಸ್ಸಾದ ಹೆಂಗಸರ ಒಡವೆ ಪಡೆದು, ಕಲ್ಲು ಕಟ್ಟಿದ ಗಂಟನ್ನು ಕೈಗಿಡುವ ಮೋಸ ರಾಜ್ಯದ ಯಾವ ಊರಿಗೂ ಹೊಸದಲ್ಲ.

ಈ ಕಾನೂನಿನ ಆರಂಭದ ಕಾಲಘಟ್ಟವನ್ನು ಬೇಗ ಮುಗಿಸಬಹುದು. ಎದುರಿಗಿರುವವನು ಸರ್ಕಾರಿ ನೌಕರನೆಂದು ಗೊತ್ತಿಲ್ಲದ, ಹಾಗೆಂದು ನಂಬಲು ಕಾರಣವೂ ಇಲ್ಲದ ವ್ಯಕ್ತಿ ಆತ್ಮರಕ್ಷಣೆಯ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆಯ 99ನೇ ಕಲಮಿನ ವಿವರಣೆಯೇ ಹೇಳಿತ್ತು. ಅಧಿಕಾರಿಯ ಆದೇಶದ ಮೇಲೆ ಬಂದವನು ಯಾವ ಅಧಿಕಾರದಿಂದ ಬಂದಿದ್ದೇನೆಂದು ಹೇಳಬೇಕು, ಲಿಖಿತ ಆದೇಶವಿದ್ದರೆ ಕೇಳಿದಾಗ ತೋರಿಸಬೇಕು ಎಂಬುದೂ ಅಲ್ಲೇ ಇತ್ತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿಗೂ ಅದು ಬಂದಿದೆ. 1861ರ ಪೊಲೀಸ್ ಕಾಯ್ದೆ ಪ್ರತಿ ಪೇದೆಗೂ ಮೊಹರು ಹಾಕಿದ ನೇಮಕಾತಿ ಪ್ರಮಾಣಪತ್ರ ಕೊಡಿಸಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಅಂಥ ಪತ್ರವಿದೆ. ಆದರೆ ಅದು ಇಲಾಖೆ ಮತ್ತು ನೌಕರನ ನಡುವಿನ ಕಾಗದ. ಜನರಿಗೆ ತೋರಿಸಲು ಮಾಡಿದ್ದಲ್ಲ.

ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಮನೆಯಿಂದ ಪೊಲೀಸರು ಕರೆದೊಯ್ದರು. ಎಲ್ಲಿಗೆಂದು ಮನೆಯವರಿಗೆ ದಿನಗಟ್ಟಲೆ ತಿಳಿಯಲಿಲ್ಲ. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಬಂದವರು ಯಾರು, ಯಾವ ಠಾಣೆ ಎಂದು ಕೇಳುವುದು ಬರೀ ಶಿಷ್ಟಾಚಾರವಲ್ಲ, ಜೀವದ ಪ್ರಶ್ನೆ ಎಂಬುದು ಈ ರಾಜ್ಯದ ವಕೀಲರಿಗೆ ಮನದಟ್ಟಾದದ್ದು ಅಂಥ ಪ್ರಕರಣಗಳಿಂದ.

ಆಮೇಲಿನದು ನಿಜವಾದ ತಿರುವು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು 1986ರ ಆಗಸ್ಟ್‌ನಲ್ಲಿ, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎ.ಎಸ್. ಆನಂದ್ ಅವರ ಪೀಠ ಹನ್ನೊಂದು ನಿಯಮಗಳನ್ನು ವಿಧಿಸಿತು. ಮೊದಲನೆಯದೇ ಇದು: ಬಂಧಿಸುವ ಮತ್ತು ವಿಚಾರಣೆ ನಡೆಸುವ ಪೊಲೀಸರು ಹೆಸರು, ಹುದ್ದೆ ಇರುವ ಫಲಕವನ್ನು ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು. ಮೀರಿದರೆ ಇಲಾಖಾ ಕ್ರಮ, ಜೊತೆಗೆ ನ್ಯಾಯಾಂಗ ನಿಂದನೆ. ನಿಯಮಗಳನ್ನು ಪ್ರತಿ ಠಾಣೆಯ ಗೋಡೆಯ ಮೇಲೆ ಹಾಕಬೇಕು, ಆಕಾಶವಾಣಿಯಲ್ಲಿ ಬಿತ್ತರಿಸಬೇಕು, ಸ್ಥಳೀಯ ಭಾಷೆಯಲ್ಲಿ ಕರಪತ್ರ ಹಂಚಬೇಕು ಎಂದೂ ಕೋರ್ಟ್ ಹೇಳಿತು.

ಕಾನೂನು ನೆರವಿನ ಶಿಬಿರಗಳಲ್ಲಿ ಬೆಳೆದ ತಲೆಮಾರಿನ ವಕೀಲರಿಗೆ ಆ ಬೋರ್ಡೇ ಪಠ್ಯಪುಸ್ತಕವಾಯಿತು. ಹಕ್ಕು ಕೋರ್ಟಿನ ವರದಿಗಳಲ್ಲಿ ಉಳಿಯದೆ ಗೋಡೆಗೆ ಬರಬೇಕು, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಬೇಕು ಎಂಬುದು ಆ ಪರಂಪರೆಯ ನಂಬಿಕೆ. ಇಂದು ಹಕ್ಕಿನ ಮಾತೆಲ್ಲ ಕ್ಯಾಮೆರಾ, ಆ್ಯಪ್‌ಗಳ ಕಡೆಗೆ ವಾಲಿರುವಾಗ ಅದು ಹಳೆಯದೆನಿಸುತ್ತದೆ. ಆದರೆ ಮನೆಮಾತು ತೆಲುಗಾದ ಮುಳಬಾಗಿಲಿನ ಹಳ್ಳಿಯ ರೈತನನ್ನು ಮುಟ್ಟುವ ದಾರಿ ಈಗಲೂ ಅದೇ.

ಶಾಸನದ ಕೆಲಸ ನಿಧಾನವಾಗಿ ಬಂತು, ಬರುವಷ್ಟರಲ್ಲಿ ಸೊರಗಿತ್ತು. ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ ಬಂಧನದ ಕುರಿತು 177ನೇ ವರದಿ ಕೊಟ್ಟದ್ದು 2001ರಲ್ಲಿ. ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 41ಬಿ ಕಲಮು ಜಾರಿಗೆ ಬಂದದ್ದು 2010ರ ನವೆಂಬರ್ 1ರಂದು. ಬಂಧನದ ಮೆಮೊ, ಅದಕ್ಕೆ ಮನೆಯವರ ಅಥವಾ ಊರಿನ ಗೌರವಸ್ಥರ ಸಾಕ್ಷಿ ಸಹಿ, ಅಧಿಕಾರಿಯ ಹೆಸರಿನ ಸ್ಪಷ್ಟ ಗುರುತು, ಎಲ್ಲವೂ ಅದರಲ್ಲಿವೆ. ಆದರೆ ಬಸು ತೀರ್ಪಿನ ಎರಡು ಪದಗಳು ದಾರಿಯಲ್ಲಿ ಬಿದ್ದುಹೋದವು: "ಹುದ್ದೆ" ಮತ್ತು "ವಿಚಾರಣೆ". 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮು ಹೆಚ್ಚುಕಡಿಮೆ ಅದೇ ನಕಲು. ಬಿದ್ದ ಪದಗಳನ್ನು ಎತ್ತಿಕೊಳ್ಳಲಿಲ್ಲ. ಮಫ್ತಿ ಪೊಲೀಸರ ಕೆಲಸದ ಬಹುಪಾಲು ನಡೆಯುವುದು "ಸ್ವಲ್ಪ ಸ್ಟೇಷನ್ ಹತ್ರ ಬಂದು ಹೋಗಿ" ಎಂಬ ಮಾತಿನಲ್ಲಿ. ಅದು ಬಂಧನವಲ್ಲ ಎಂದು ಇಲಾಖೆ ಹೇಳುತ್ತದೆ. ಹಾಗಾದರೆ 36ನೇ ಕಲಮಿನ ಗುರುತಿನ ಕರ್ತವ್ಯವೂ ಅಲ್ಲಿ ಹುಟ್ಟುವುದಿಲ್ಲ.

ಮೋಟಾರು ವಾಹನ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ನೇರ. 130ನೇ ಕಲಮಿನ ಪ್ರಕಾರ ಚಾಲಕ ಲೈಸೆನ್ಸ್ ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ. ಇದು ನಂಗಲಿ ಹೆದ್ದಾರಿಯ ಲಾರಿ ಚಾಲಕರ ಕಿವಿಗೆ ಬೀಳಬೇಕಾದ ಮಾತು.

ಇತ್ತೀಚಿನ ತೀರ್ಪುಗಳು ಬೇರೆ ದಾರಿ ಹಿಡಿದಿವೆ. ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿದ ಪ್ರಕರಣದಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸಲು ಹೋಗುವ ಅಧಿಕಾರಿಗಳಿಗೆ ಬಾಡಿ ಕ್ಯಾಮೆರಾ ಇರಬೇಕೆಂದಿತು. ಒಳ್ಳೆಯದೇ. ಆದರೆ ಕ್ಯಾಮೆರಾ ಉತ್ತರಿಸುವುದು ಆಮೇಲೆ. ಬಾಗಿಲಲ್ಲಿ ನಿಂತವರಿಗೆ ಬೇಕಾದದ್ದು ಆ ಕ್ಷಣದ ಉತ್ತರ. 2025ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮಫ್ತಿಯಲ್ಲಿ ಕಾರನ್ನು ಸುತ್ತುವರಿದು ಗುಂಡು ಹಾರಿಸುವುದು ಕರ್ತವ್ಯದ ಭಾಗವಲ್ಲ, ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕಿಲ್ಲ ಎಂದಿತು. ಅದೇ ವರ್ಷದ ನವೆಂಬರ್‌ನ ಇನ್ನೊಂದು ತೀರ್ಪಿನಂತೆ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಕಾಗದ ತೆಲುಗಿನಲ್ಲಿ ಸಿಗಬಹುದು, ಸರಿ. ಅದನ್ನು ಕೊಡುತ್ತಿರುವವನು ಯಾರು?

ಬ್ರಿಟನ್ನಿನ 1984ರ ಪೊಲೀಸ್ ಕಾಯ್ದೆಯಲ್ಲಿ, ಮಫ್ತಿಯಲ್ಲಿ ತಡೆದು ತಪಾಸಣೆ ಮಾಡುವವನು ತಾನು ಪೊಲೀಸನೆಂಬ ದಾಖಲೆ ತೋರಿಸಲೇಬೇಕು. ಅದೂ ಸಾಲಲಿಲ್ಲ. 2021ರಲ್ಲಿ ಲಂಡನ್ನಿನ ಪೊಲೀಸನೊಬ್ಬ ತನ್ನ ಅಸಲಿ ಗುರುತಿನ ಚೀಟಿಯನ್ನೇ ಬಳಸಿ ಯುವತಿಯೊಬ್ಬಳನ್ನು ಅಪಹರಿಸಿ ಕೊಂದ. ಆ ಬಳಿಕ ಲಂಡನ್ ಪೊಲೀಸರು ಒಂಟಿಯಾಗಿರುವ ಮಫ್ತಿ ಸಿಬ್ಬಂದಿಗಾಗಿ ಹೊಸ ಏರ್ಪಾಡು ತಂದರು: ಕಂಟ್ರೋಲ್ ರೂಮಿನ ಸಮವಸ್ತ್ರಧಾರಿ ಸಾರ್ಜೆಂಟ್‌ಗೆ ವಿಡಿಯೊ ಕರೆ ಮಾಡಿ, ತಾವು ತಡೆದ ಮಹಿಳೆಯ ಎದುರೇ ತಮ್ಮ ಗುರುತನ್ನು ಖಚಿತಪಡಿಸಬೇಕು.

ನಮ್ಮಲ್ಲೂ ಸಾಮಗ್ರಿ ಇಲ್ಲದಿಲ್ಲ. 112 ಇದೆ. ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನಂತೆ ಪ್ರತಿ ಠಾಣೆಯಲ್ಲಿ ಎಎಸ್‌ಐಗಿಂತ ಕಡಿಮೆಯಲ್ಲದ ಅಧಿಕಾರಿಯೊಬ್ಬರು ಬಂಧಿತರ ಮಾಹಿತಿಗೆ ಹೊಣೆಯಾಗಿರಬೇಕು. ನಕಲಿ ಅಧಿಕಾರಿಯ ವೇಷಕ್ಕೆ ನ್ಯಾಯ ಸಂಹಿತೆಯ 204ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. 2025ರಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಯೋಜನೆಯನ್ನೂ ತಂದಿತು. ಮನೆ ಬಾಗಿಲಿಗೆ ಬರುವುದನ್ನೇ ನೀತಿಯಾಗಿಸಿದ ಇಲಾಖೆ, ಆ ಭೇಟಿಯಲ್ಲೇ ಠಾಣೆಯ ದೂರವಾಣಿ ಸಂಖ್ಯೆ ಕೊಟ್ಟು, "ಮಫ್ತಿಯಲ್ಲಿ ಯಾರಾದರೂ ಬಂದರೆ ಮೊದಲು ಇಲ್ಲಿಗೆ ಫೋನ್ ಮಾಡಿ, ನಾವು ಕಳಿಸಿದವರೋ ಅಲ್ಲವೋ ಹೇಳುತ್ತೇವೆ" ಎನ್ನಬಹುದು. ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಡ, ಎಸ್‌ಪಿ ಕಚೇರಿಯ ಒಂದು ಸುತ್ತೋಲೆ ಸಾಕು. ಕೋಲಾರಕ್ಕೆ ಎರಡು ಬೇಕಾದೀತು, ಕೆಜಿಎಫ್‌ನವರೂ ಒಪ್ಪಬೇಕಲ್ಲ.