ಚೆಂಡು ಕೈತಪ್ಪಿದರೆ ಪಂದ್ಯವೂ ಕೈತಪ್ಪಿದಂತೆಯೇ?

ನಮ್ಮ ಹೆಬ್ಬಾಳದಲ್ಲಿ ಯಾರಾದರೂ "ಟರ್ನೋವರ್ ಎಷ್ಟು?" ಅಂತ ಕೇಳಿದರೆ ಅದು ಫ್ಯಾಕ್ಟರಿಯ ವರ್ಷದ ವಹಿವಾಟಿನ ಮಾತು. ಕೈಗಾರಿಕಾ ಪ್ರದೇಶ ನೋಡಿ, ಇಲ್ಲಿನ ಟೀ ಅಂಗಡಿಯಲ್ಲೂ ಅದೇ ಲೆಕ್ಕ. ಸಾಫ್ಟ್‌ವೇರ್ ಕಡೆಯವರು ಕೇಳಿದರೆ ಈ ವರ್ಷ ಎಷ್ಟು ಜನ ಕೆಲಸ ಬಿಟ್ಟು ಹೋದರು ಅಂತ ಅರ್ಥ. ಈ ಎರಡೂ ಅಲ್ಲದ ಮೂರನೇ ಅರ್ಥವೊಂದಿದೆ ಅಂತ ನನಗೆ ಗೊತ್ತಾಗಿದ್ದು ಒಬ್ಬ ಗೆಳೆಯನಿಂದ. ಆತ ಅಮೆರಿಕದಲ್ಲಿ ಏಳೆಂಟು ವರ್ಷ ಇದ್ದು ವಾಪಸ್ ಬಂದವನು. ಬರುವಾಗ ಜೊತೆಗೆ ಅಲ್ಲಿನ ಫುಟ್‌ಬಾಲ್ ಹುಚ್ಚನ್ನೂ ತಂದ. ಅವರ ದೊಡ್ಡ ಪಂದ್ಯ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗಿನ ಜಾವ 5 ಗಂಟೆಗೆ ಶುರುವಾಗುತ್ತದೆ. ಹಾಲಿನವನಿಗಿಂತ ಮೊದಲು ಎದ್ದು ಅದನ್ನು ನೋಡುವ ಮನೆ ಇಡೀ ನಮ್ಮ ಬಡಾವಣೆಯಲ್ಲಿ ಅವನದೊಂದೇ ಇರಬೇಕು. :)

ಅವನ ಜೊತೆ ಒಂದು ಹಳೆಯ ಜಗಳ ಬಾಕಿ ಇದೆ. ಆ ಜಗಳದ ಬಗ್ಗೆಯೇ ಈ ಬರಹ. ವಿಷಯ ಅಮೆರಿಕದ್ದಲ್ಲ, ನಮ್ಮ ಮೈಸೂರಿನದು.

2010ರ ಜನವರಿ 11ರಿಂದ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ ಮತ್ತು ಮುಂಬೈ. ರಣಜಿ ಪಂದ್ಯ ಅಂದರೆ ಖಾಲಿ ಕುರ್ಚಿಗಳು, ನಾಲ್ಕು ಕಾಗೆಗಳು ಅಂತ ಅಂದುಕೊಂಡವರು ಅವತ್ತು ಅಲ್ಲಿಗೆ ಬರಬೇಕಿತ್ತು. ಜಾಗ ಸಿಗದವರು ಮರ ಹತ್ತಿ ಕೂತಿದ್ದರು. ನಾಲ್ಕನೇ ದಿನ ಸಂಕ್ರಾಂತಿ. ನಾನು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಹೆಬ್ಬಾಳದಿಂದ ಬೈಕ್ ಹತ್ತಿದವನು, "ಮಧ್ಯಾಹ್ನ ಊಟಕ್ಕೆ ಬರ್ತೀನಿ" ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ.

ಗೆಲ್ಲಲು 338 ರನ್ ಬೇಕಿತ್ತು. 20 ವರ್ಷದ ಮನೀಷ್ ಪಾಂಡೆ 144 ಹೊಡೆದ. ಹಿಂದಿನ ವರ್ಷವಷ್ಟೇ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅನ್ನಿಸಿಕೊಂಡಿದ್ದ ಹುಡುಗ. ಗಣೇಶ್ ಸತೀಶ್ 75. ಇಬ್ಬರೂ ಇನ್ನೂರು ರನ್ನಿನ ಜೊತೆಯಾಟ ಆಡುತ್ತಿದ್ದಾಗ ನನ್ನ ಪಕ್ಕದಲ್ಲಿದ್ದವರು ಆಗಲೇ ಸಿಹಿ ಎಲ್ಲಿ ತರಿಸೋಣ ಅಂತ ಮಾತಾಡುತ್ತಿದ್ದರು. ಆಮೇಲೆ ಅಜಿತ್ ಅಗರ್ಕರ್. ಒಬ್ಬರ ಹಿಂದೆ ಒಬ್ಬರು. 331ಕ್ಕೆ ಎಲ್ಲರೂ ಔಟ್. ಆರು ರನ್ನುಗಳಿಂದ ಸೋಲು! ಮುಂಬೈಗೆ ಅದು 39ನೇ ರಣಜಿ ಕಿರೀಟ. ಮರುದಿನ, 15ನೇ ತಾರೀಕು ಕಂಕಣ ಸೂರ್ಯಗ್ರಹಣ ಇತ್ತು, ನೆನಪಿದೆಯಾ? ಮೈಸೂರಿಗೆ ಒಂದು ದಿನ ಮೊದಲೇ ಹಿಡಿದಿತ್ತು.

ಇದನ್ನು ನಾನು ಎಷ್ಟೋ ವರ್ಷದ ಮೇಲೆ ಗೆಳೆಯನಿಗೆ ಹೇಳಿದಾಗ ಅವನು ತಣ್ಣಗೆ ಹೇಳಿದ್ದು ಇಷ್ಟು: "ಕೊನೆಯಲ್ಲಿ ಸುಮ್ಮನೆ ವಿಕೆಟ್ ಕೊಟ್ಟರು. ಟರ್ನೋವರ್ ಲೆಕ್ಕದಲ್ಲಿ ಸೋತವರು ಪಂದ್ಯ ಗೆಲ್ಲಲ್ಲ ಕಣೋ. ಅಮೆರಿಕದಲ್ಲಿ ಸ್ಕೂಲ್ ಹುಡುಗರಿಗೂ ಗೊತ್ತು." ನನಗೆ ಮೈ ಉರಿದುಹೋಯಿತು. ಅವನು ಹೇಳೋದು ನಿಜವೇ ಅಂತ ನೋಡೋಣ ಅಂತ ಆ ಆಟದ ಚರಿತ್ರೆ ಓದಲು ಕೂತೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಅವಕ್ಕೆ ಡೌನ್ ಅನ್ನುತ್ತಾರೆ. 10 ಗಜ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದಮೇಲೆ ಮೂರನೆಯದು ಮಾಡು ಇಲ್ಲವೇ ಮಡಿ ಆಗುತ್ತದಲ್ಲ, ಹೆಚ್ಚುಕಡಿಮೆ ಅದೇ ಒತ್ತಡ. ಸಾಧ್ಯವಿಲ್ಲ ಅನ್ನಿಸಿದರೆ ನಾಲ್ಕನೇ ಡೌನಿನಲ್ಲಿ ಚೆಂಡನ್ನು ದೂರಕ್ಕೆ ಒದ್ದು ಮರ್ಯಾದೆಯಾಗಿ ಎದುರಾಳಿಗೆ ಒಪ್ಪಿಸಬಹುದು. ಮರ್ಯಾದೆಯಿಲ್ಲದೆ ಕಳೆದುಕೊಳ್ಳುವುದೇ ಟರ್ನೋವರ್. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್. ಕೈಯಿಂದ ಜಾರಿದ್ದನ್ನು ಎದುರಾಳಿ ಬಾಚಿಕೊಂಡರೆ ಫಂಬಲ್.

ತಮಾಷೆ ಏನೆಂದರೆ, ಈ ಆಟ ಹುಟ್ಟಿದಾಗಿನ ಮುಖ್ಯ ತೊಂದರೆ ಚೆಂಡು ಕೈತಪ್ಪುವುದಲ್ಲ, ಕೈತಪ್ಪದೇ ಇರುವುದು! 1880ರಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ತಂದ ನಿಯಮದಿಂದ ರಗ್ಬಿಯ ತಳ್ಳಾಟ ಹೋಗಿ, ಒಂದು ತಂಡ ನಿಶ್ಚಿಂತೆಯಿಂದ ಚೆಂಡು ಇಟ್ಟುಕೊಂಡು ಆಡುವ ಪದ್ಧತಿ ಬಂತು. ಮರುವರ್ಷ ಪ್ರಿನ್ಸ್‌ಟನ್ ಮತ್ತು ಯೇಲ್ ಏನು ಮಾಡಿದವು ಗೊತ್ತೇ? ಒಂದು ಅರ್ಧ ಪೂರ್ತಿ ಒಬ್ಬರು ಚೆಂಡು ಇಟ್ಟುಕೊಂಡು ಕೂತರು, ಇನ್ನೊಂದು ಅರ್ಧ ಮತ್ತೊಬ್ಬರು. ಸೊನ್ನೆ-ಸೊನ್ನೆ. ನೋಡಲು ಬಂದವರು ಉಗಿದಿರಬೇಕು. ಹಾಗಾಗಿ 1882ರಲ್ಲಿ ಮೂರು ಡೌನಿನಲ್ಲಿ 5 ಗಜ ಮುಂದೆ ಹೋಗದಿದ್ದರೆ ಚೆಂಡು ಬಿಟ್ಟುಕೊಡಬೇಕು ಅನ್ನುವ ನಿಯಮ ಬಂತು. ಅಂದರೆ ಚೆಂಡು ಕಳೆದುಕೊಳ್ಳುವ ಭಯವನ್ನು ಕಾನೂನು ಮಾಡಿಯೇ ಆಟದೊಳಗೆ ಸೇರಿಸಿದರು.

1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಅದೇ ವರ್ಷ 5 ಗಜ ಹೋಗಿ 10 ಆಯಿತು, 1912ರಲ್ಲಿ ಮೂರು ಡೌನ್ ನಾಲ್ಕಾಯಿತು. ಆದರೆ ಆರಂಭದಲ್ಲಿ ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದೂ ಎದುರಾಳಿಗೇ! ಇಂಥ ಶಿಕ್ಷೆ ಇಟ್ಟರೆ ಯಾವ ಕೋಚ್ ತಾನೇ ಎಸೆಯಿರಿ ಅಂತಾನೆ? ಮುಂದೆ ಆ ಶಿಕ್ಷೆ ಹೋಯಿತು, ಭಯ ಮಾತ್ರ ಕೋಚುಗಳ ರಕ್ತದಲ್ಲಿ ಉಳಿಯಿತು.

ಭಯಕ್ಕೆ ಬೆಲೆ ಕಟ್ಟಿದ್ದು ತಡವಾಗಿ. 1971ರಲ್ಲಿ ವರ್ಜಿಲ್ ಕಾರ್ಟರ್ ಎಂಬ ಕ್ವಾರ್ಟರ್‌ಬ್ಯಾಕ್ (ಇನ್ನೂ ಆಡುತ್ತಿದ್ದವನು!) ರಾಬರ್ಟ್ ಮ್ಯಾಕೋಲ್ ಎಂಬ ಪ್ರಾಧ್ಯಾಪಕರ ಜೊತೆ ಸೇರಿ, ಮೈದಾನದ ಯಾವ ಜಾಗದಲ್ಲಿ ಚೆಂಡು ಕೈಯಲ್ಲಿದ್ದರೆ ಸರಾಸರಿ ಎಷ್ಟು ಅಂಕ ಅಂತ ಲೆಕ್ಕ ಹಾಕಿದ. 1988ರಲ್ಲಿ ಬಂದ 'ದಿ ಹಿಡನ್ ಗೇಮ್ ಆಫ್ ಫುಟ್‌ಬಾಲ್' ಪುಸ್ತಕ ಇನ್ನೂ ಮುಂದೆ ಹೋಗಿ ಒಂದು ಟರ್ನೋವರ್ ಅಂದರೆ ಸುಮಾರು 4 ಅಂಕ ಅಂದಿತು. ಟಚ್‌ಡೌನಿಗೆ 6 ಅಂಕ ಇರುವ ಆಟದಲ್ಲಿ 4 ಕಡಿಮೆಯಲ್ಲ. ಈಗಿನ ವೃತ್ತಿಪರ ಲೀಗಿನಲ್ಲಿ ಒಂದು ತಂಡ ಪಂದ್ಯಕ್ಕೆ ಒಂದೆರಡು ಬಾರಿ ಮಾತ್ರ ಹೀಗೆ ಚೆಂಡು ಕಳೆದುಕೊಳ್ಳುತ್ತದೆ. ಎದುರಾಳಿಗಿಂತ ಒಂದು ಕಡಿಮೆ ಕಳೆದುಕೊಂಡ ತಂಡ ಹತ್ತು ಪಂದ್ಯದಲ್ಲಿ ಸುಮಾರು ಏಳನ್ನು ಗೆಲ್ಲುತ್ತದೆ. ಎರಡು ಮೂರು ವ್ಯತ್ಯಾಸ ಇದ್ದರಂತೂ ಕೇಳುವುದೇ ಬೇಡ. ಗೆಳೆಯ ಗೆದ್ದ ಹಾಗೆ ಕಂಡಿತು.

ಅವನ ಪಕ್ಷಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1978ರ ನವೆಂಬರ್ 19. ನ್ಯೂಯಾರ್ಕ್ ಜೈಂಟ್ಸ್ ಫಿಲಡೆಲ್ಫಿಯಾ ಈಗಲ್ಸ್ ಮೇಲೆ 17-12 ಮುಂದೆ. ಇನ್ನು ಕೆಲವೇ ಸೆಕೆಂಡು. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಸಿಕ್ ಚೆಂಡು ಹಿಡಿದು ನೆಲಕ್ಕೆ ಬಿದ್ದುಬಿಟ್ಟಿದ್ದರೆ ಪಂದ್ಯ ಮುಗಿದಿತ್ತು. ಆದರೆ ಬೇಲಿ ಹೊರಗಿನಿಂದ ಬಂದ ಆದೇಶ, ಲ್ಯಾರಿ ಸೊಂಕಾಗೆ ಕೊಡು ಅಂತ. ಕೊಡುವಾಗ ಚೆಂಡು ಜಾರಿತು, ಪುಟಿಯಿತು. ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು 26 ಗಜ ಓಡಿದ. 19-17. ಆದೇಶ ಕೊಟ್ಟ ಸಹಾಯಕ ಕೋಚ್ ಬಾಬ್ ಗಿಬ್ಸನ್‌ನನ್ನು ಮರುದಿನವೇ ಮನೆಗೆ ಕಳಿಸಿದರು. ಗೆಲುವು ಖಚಿತವಾದಾಗ ಕ್ವಾರ್ಟರ್‌ಬ್ಯಾಕ್ ಮಂಡಿಯೂರಿ ಸುಮ್ಮನಾಗುವುದು, ಅವನ ಹಿಂದೆ ಕಾವಲಿಗೆ ಒಬ್ಬ ನಿಲ್ಲುವುದು ಎಲ್ಲಾ ಕಡೆ ರೂಢಿಯಾಗಿದ್ದು ಆ ದಿನದಿಂದಲೇ.

1993ರ ಸೂಪರ್ ಬೌಲ್‌ನಲ್ಲಿ ಬಫಲೊ ಬಿಲ್ಸ್ 9 ಬಾರಿ ಚೆಂಡು ಕಳೆದುಕೊಂಡು 52-17ರಿಂದ ಡಲ್ಲಾಸ್‌ಗೆ ಸೋತಿತು. 2015ರಲ್ಲಿ ಸಿಯಾಟಲ್ ಗೆಲುವಿನ ಗೆರೆಗೆ ಒಂದೇ ಗಜ ದೂರದಲ್ಲಿದ್ದಾಗ ಎಸೆದ ಚೆಂಡನ್ನು ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಹಿಡಿದ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28-24ರಿಂದ ಗೆದ್ದಿತು. ಇಂಥವನ್ನು ಗೆಳೆಯ ಬೆರಳು ಮಡಚಿ ಮಡಚಿ ಎಣಿಸುತ್ತಾನೆ.

ಅವನು ಎಣಿಸದೇ ಬಿಡುವ ಪಂದ್ಯಗಳೂ ಇವೆಯಲ್ಲ? 1971ರ ಸೂಪರ್ ಬೌಲ್. ಬಾಲ್ಟಿಮೋರ್ ಕೋಲ್ಟ್ಸ್ 7 ಬಾರಿ ಚೆಂಡು ಕಳೆದುಕೊಂಡಿತು, ಡಲ್ಲಾಸ್ 4 ಬಾರಿ. ಗೆದ್ದಿದ್ದು ಬಾಲ್ಟಿಮೋರ್, 16-13, ಕೊನೆಯ 5 ಸೆಕೆಂಡು ಉಳಿದಿದ್ದಾಗ ಜಿಮ್ ಓಬ್ರಿಯನ್ ಒದ್ದ ಚೆಂಡಿನಿಂದ. ಪಂದ್ಯಶ್ರೇಷ್ಠ ಪ್ರಶಸ್ತಿ ಹೋಗಿದ್ದು ಎರಡು ಇಂಟರ್‌ಸೆಪ್ಷನ್ ಮಾಡಿದ ಡಲ್ಲಾಸ್‌ನ ಚಕ್ ಹೌಲಿಗೆ. ಸೋತ ತಂಡದವನಿಗೆ! 2017ರಲ್ಲಿ ಪೇಟ್ರಿಯಟ್ಸ್ 28-3 ಹಿಂದಿತ್ತು, ಟರ್ನೋವರ್ ಲೆಕ್ಕದಲ್ಲೂ ಅಟ್ಲಾಂಟಾಗಿಂತ ಹಿಂದೆ. ಆದರೂ ಹೆಚ್ಚುವರಿ ಆಟದಲ್ಲಿ 34-28ರಿಂದ ಗೆದ್ದರು.

ಇಲ್ಲೇ ನನಗೆ ಸಂಶಯ ಶುರುವಾಗಿದ್ದು. ಹತ್ತರಲ್ಲಿ ಏಳು ಅನ್ನುವ ಲೆಕ್ಕ ಸುಳ್ಳಲ್ಲ. ಆದರೆ ಯಾವುದು ಕಾರಣ, ಯಾವುದು ಪರಿಣಾಮ? ಹಿಂದೆ ಬಿದ್ದ ತಂಡಕ್ಕೆ ಸಮಯ ಇರುವುದಿಲ್ಲ, ಎಸೆಯಲೇಬೇಕು. ಎಸೆಯುತ್ತಾರೆ ಅಂತ ಎದುರಾಳಿಗೂ ಗೊತ್ತು, ಕಾಯುತ್ತಿರುತ್ತಾನೆ. ಆಗ ಇಂಟರ್‌ಸೆಪ್ಷನ್ ಆಗದೆ ಇನ್ನೇನಾಗುತ್ತೆ? ಸೋಲುತ್ತಿದ್ದುದರಿಂದ ಚೆಂಡು ಹೋಯಿತೇ ವಿನಾ ಚೆಂಡು ಹೋದದ್ದರಿಂದ ಸೋತಿದ್ದಲ್ಲ. ಪಂದ್ಯ ಮುಗಿದ ಮೇಲೆ ಕೂಡಿಸುವಾಗ ಎರಡೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ.

ಇನ್ನೊಂದು, ಆ ಚೆಂಡು ಉದ್ದುದ್ದ, ಮೊಟ್ಟೆಯ ಹಾಗೆ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತೋ ದೇವರಿಗೇ ಗೊತ್ತು. ಜಾರುವುದರಲ್ಲಿ ತಪ್ಪು ಇರಬಹುದು, ಆದರೆ ಜಾರಿದ ಮೇಲೆ ಯಾರಿಗೆ ಸಿಗುತ್ತದೆ ಅನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಅದಕ್ಕೇ ಒಂದು ವರ್ಷ ಈ ಲೆಕ್ಕದಲ್ಲಿ ಮೇಲಿದ್ದ ತಂಡ ಮುಂದಿನ ವರ್ಷವೂ ಮೇಲೇ ಇರುತ್ತದೆ ಅಂತ ನಂಬುವ ಹಾಗಿಲ್ಲ. ಮತ್ತೆ, ಮೂರನೇ ಡೌನಿನಲ್ಲಿ 50 ಗಜ ದೂರ ಎಸೆದು ಅಲ್ಲಿ ಎದುರಾಳಿ ಹಿಡಿದು ಅಲ್ಲೇ ಬಿದ್ದರೆ, ಅದು ಒದ್ದು ಕಳಿಸಿದ್ದಕ್ಕಿಂತ ಏನೂ ಬೇರೆಯಲ್ಲ. ಎಣಿಕೆಯಲ್ಲಿ ಅದೂ ಒಂದು, ಸಿಯಾಟಲ್‌ನ ಒಂದು ಗಜದ್ದೂ ಒಂದು.

ಈಗ ನಮ್ಮ ಮೈಸೂರಿಗೆ ಬನ್ನಿ.

ಕ್ರಿಕೆಟ್ಟಿನಲ್ಲಿ ಟರ್ನೋವರಿಗೆ ಹತ್ತಿರದ್ದು ವಿಕೆಟ್ ಅಂತಲೇ ಇಟ್ಟುಕೊಳ್ಳೋಣ, ಗೆಳೆಯನೂ ಹಾಗೇ ಅಂದದ್ದು. ಆ ಫೈನಲ್‌ನಲ್ಲಿ ಕರ್ನಾಟಕ ಕಳೆದುಕೊಂಡ ವಿಕೆಟ್ ಎಷ್ಟು? 20. ಮುಂಬೈ? ಅವರೂ 20! ಮುಂಬೈ 233 ಮತ್ತು 234, ನಾವು 130 ಮತ್ತು 331. ಟರ್ನೋವರ್ ಲೆಕ್ಕದಲ್ಲಿ ಪಂದ್ಯ ಸಮ. ನೋಡಿ, ಇಷ್ಟು ಸರಳವಾದ ವಿಷಯ ನನಗೆ ಹೊಳೆಯಲು ಅಮೆರಿಕದ ನೂರ ನಲವತ್ತು ವರ್ಷದ ಚರಿತ್ರೆ ಓದಬೇಕಾಯಿತು!

ವ್ಯತ್ಯಾಸ ಇದ್ದದ್ದು ಆ ವಿಕೆಟ್‌ಗಳು ಎಲ್ಲಿ, ಯಾವಾಗ, ಎಷ್ಟು ಅಗ್ಗಕ್ಕೆ ಹೋದವು ಅನ್ನುವುದರಲ್ಲಿ. ಮೊದಲ ಸರದಿಯಲ್ಲಿ ಆವಿಷ್ಕಾರ್ ಸಾಲ್ವಿ 31 ರನ್ನಿಗೆ 5 ವಿಕೆಟ್ ತೆಗೆದ. ನಾವು 103 ರನ್ ಹಿಂದೆ ಬಿದ್ದೆವು. ಆಗ ಯಾರೂ ತಲೆ ಚಚ್ಚಿಕೊಳ್ಳಲಿಲ್ಲ, ಇನ್ನೂ ಆಟ ಇದೆ ಅಂತ ಕಡಲೆಕಾಯಿ ತಿಂದೆವು. ಎರಡನೇ ಸರದಿಯಲ್ಲಿ ಅಭಿಮನ್ಯು ಮಿಥುನ್ 71ಕ್ಕೆ 6 ವಿಕೆಟ್ ಕಿತ್ತ. ಅದೇ ಬೌಲಿಂಗಿನೆದುರು, ಬೌಲಿಂಗಿಗೆಂದು ತಂಡದಲ್ಲಿದ್ದ ಧವಳ್ ಕುಲಕರ್ಣಿ 87 ರನ್ ಹೊಡೆದುಬಿಟ್ಟ. ಸೋತದ್ದು 6ರಿಂದ, ಆತ ಹೊಡೆದದ್ದು 87. ಇದನ್ನು ಕೈತಪ್ಪಿದ್ದು ಅಂತ ಯಾವ ಪಟ್ಟಿಯಲ್ಲಿ ಬರೆಯುತ್ತೀರಿ? ಅಗರ್ಕರ್ 81ಕ್ಕೆ 5 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ, ಏಕೆಂದರೆ ಅದು ಕೊನೆಗೆ ನಡೆದದ್ದು. ಸಾಲ್ವಿಯನ್ನು ಎಷ್ಟು ಜನ ನೆನೆಯುತ್ತಾರೆ? ಅವತ್ತು ಮೈದಾನದಿಂದ ಹೊರಬರುವಾಗ ಜನ ಬೈಯುತ್ತಿದ್ದುದೂ ಕೊನೆಗೆ ಆಡಲು ಬಂದವರನ್ನೇ. ಬಾಬ್ ಗಿಬ್ಸನ್‌ನ ಹಾಗೆ. ನಾನೂ ಬೈದೆ, ಸುಳ್ಳು ಯಾಕೆ ಹೇಳಲಿ. ಆ ಪಂದ್ಯದಲ್ಲಿ ಬೇರೆಯವರೆಲ್ಲ ಎರಡು ಮೂರು ದಿನ ಮೊದಲೇ ಬಿಟ್ಟುಕೊಟ್ಟಿದ್ದನ್ನು ಅವರು ಕೊನೆಯ ಗಂಟೆಯಲ್ಲಿ ವಾಪಸ್ ತರಬೇಕಿತ್ತು.

ಕರ್ನಾಟಕದ ಹಳೆಯ ಫೈನಲ್‌ಗಳನ್ನು ನೋಡಿದರೂ ಇದೇ ಗೊಂದಲ. 1982ರಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಕರ್ನಾಟಕ 705 ರನ್ ಗಳಿಸಿತ್ತು. 705! ದೆಹಲಿ 589ಕ್ಕೆ 8. ಇನ್ನೆರಡು ವಿಕೆಟ್ ಸಾಕು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಔಟಾಗದೆ 118 ಸೇರಿಸಿ 707 ಮಾಡಿ, ಮೊದಲ ಸರದಿಯ ಮುನ್ನಡೆಯಿಂದ ಟ್ರೋಫಿ ಹೊತ್ತೊಯ್ದರು. ಅಲ್ಲಿ ಸೋಲಿಸಿದ್ದು ಆದ ತಪ್ಪಲ್ಲ, ಎದುರಾಳಿ ಮಾಡದೇ ಹೋದ ತಪ್ಪು. 1999ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆ. ಮಧ್ಯಪ್ರದೇಶಕ್ಕೆ 75 ರನ್ ಮುನ್ನಡೆ ಇತ್ತು, ಡ್ರಾ ಆಗಿದ್ದರೂ ಟ್ರೋಫಿ ಅವರದೇ. ಕೊನೆಯ ದಿನ ಕುಸಿದರು. ವಿಜಯ್ ಭಾರದ್ವಾಜ್ 24ಕ್ಕೆ 6, ಕರ್ನಾಟಕಕ್ಕೆ 96 ರನ್ ಗೆಲುವು. ಇದಂತೂ ಗೆಳೆಯನ ಸಿದ್ಧಾಂತಕ್ಕೆ ಹೇಳಿ ಮಾಡಿಸಿದ ಪಂದ್ಯ, ಒಪ್ಪುತ್ತೇನೆ. ಅವರ ನಾಯಕ ಚಂದ್ರಕಾಂತ್ ಪಂಡಿತ್ 23 ವರ್ಷ ಆ ನೋವು ಹೊತ್ತುಕೊಂಡಿದ್ದು, 2022ರಲ್ಲಿ ಅದೇ ಮೈದಾನದಲ್ಲಿ ಕೋಚ್ ಆಗಿ ಮುಂಬೈಯನ್ನು ಸೋಲಿಸಿ ಟ್ರೋಫಿ ಎತ್ತಿದರು.

ನಮ್ಮವರಿಗೆ ಅಷ್ಟು ವರ್ಷ ಬೇಕಾಗಲಿಲ್ಲ ಬಿಡಿ. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14, 2014-15 ಎರಡು ವರ್ಷ ಸತತ ರಣಜಿ ಗೆದ್ದರು. ಮೈಸೂರಿನಲ್ಲಿ ಸೋತ ಪಾಂಡೆ, ಮಿಥುನ್, ವಿನಯ್ ಮೂವರೂ ಆ ತಂಡದಲ್ಲಿದ್ದರು.

20-20 ಲೆಕ್ಕವನ್ನು ಗೆಳೆಯನ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಾಗಾದ್ರೆ ಆ 6 ರನ್ ಎಲ್ಲಿ ಹೋಯ್ತು?" ಅಂದ. ಇಬ್ಬರೂ ಹಳೆಯ ಸ್ಕೋರ್‌ಕಾರ್ಡ್ ತೆಗೆದು ಮೊದಲ ದಿನದಿಂದ ಹುಡುಕುತ್ತಾ ಕೂತಿದ್ದೇವೆ. ಅವನ ಹೆಂಡತಿ ಎರಡನೇ ಸಲ ಕಾಫಿ ತಂದಿಟ್ಟು ಹೋದರು.